ಗ್ರಾಮೀಣ ಆರೋಗ್ಯ ಸೇವೆಗೆ ಸರ್ಕಾರದ ಅನುದಾನ: ಹಣ ತಲುಪುವ ಬಗೆ, ವಿನಿಯೋಗದ ನಿಯಮಗಳು ಮತ್ತು ನಾಗರಿಕರು ಸೌಲಭ್ಯ ಪಡೆಯುವ ವಿಧಾನ

ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಗ್ರಾಮೀಣ ಪ್ರದೇಶದ ಜನತೆಗೆ ಗುಣಮಟ್ಟದ ಆರೋಗ್ಯ ಸೇವೆಯನ್ನು ಅವರ ವಾಸಸ್ಥಳದ ಸಮೀಪದಲ್ಲಿಯೇ ಒದಗಿಸುವ ಸಲುವಾಗಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಪ್ರತಿ ವರ್ಷ ಅನುದಾನವನ್ನು ಒದಗಿಸುತ್ತವೆ. ಈ ಅನುದಾನದ ಒಂದು ಭಾಗವು ಕಟ್ಟಡ, ಸಿಬ್ಬಂದಿ, ಔಷಧಿ ಮತ್ತು ಉಪಕರಣಗಳ ರೂಪದಲ್ಲಿಯೂ, ಮತ್ತೊಂದು ಭಾಗವು ಫಲಾನುಭವಿಗಳಿಗೆ ನೇರ ನೆರವಿನ ರೂಪದಲ್ಲಿಯೂ, ಇನ್ನೊಂದು ಭಾಗವು ಗ್ರಾಮಸ್ಥರೇ ಸದಸ್ಯರಾಗಿರುವ ಸಮಿತಿಗಳ ನಿಧಿಯ ರೂಪದಲ್ಲಿಯೂ ತಲುಪುತ್ತದೆ.

ಆಸ್ಪತ್ರೆಗೆ ಬರುವ ನಾಗರಿಕರಲ್ಲಿ ಅನೇಕರಿಗೆ ತಮಗೆ ಸಲ್ಲಬೇಕಾದ ಸೌಲಭ್ಯ ಯಾವುದು, ಅದನ್ನು ಯಾರಲ್ಲಿ ಕೇಳಬೇಕು, ತಮ್ಮ ಊರಿನ ಹೆಸರಿನಲ್ಲಿ ಬಿಡುಗಡೆಯಾದ ಹಣವನ್ನು ಯಾರು ಖರ್ಚು ಮಾಡುತ್ತಾರೆ ಎಂಬ ವಿಷಯಗಳು ತಿಳಿದಿರುವುದಿಲ್ಲ. ಮಾಹಿತಿಯ ಕೊರತೆಯಿಂದ ಉಚಿತವಾಗಿ ದೊರೆಯಬೇಕಾದ ಸೇವೆಗೆ ಸಾಲ ಮಾಡುವ ಕುಟುಂಬಗಳಿವೆ; ಹಣವಿದ್ದರೂ ಬಳಕೆಯಾಗದೆ ಮುಂದಿನ ವರ್ಷದ ಅನುದಾನವನ್ನು ಕಳೆದುಕೊಳ್ಳುವ ಗ್ರಾಮಗಳೂ ಇವೆ. ಈ ಹಿನ್ನೆಲೆಯಲ್ಲಿ ಅನುದಾನದ ಮೂಲ, ಅದರ ಹಾದಿ ಮತ್ತು ನಾಗರಿಕರ ಹಕ್ಕು ಹಾಗೂ ಹೊಣೆಗಳನ್ನು ಕೆಳಗೆ ವಿವರಿಸಲಾಗಿದೆ.

2. ಅನುದಾನದ ಮೂಲಗಳು

ಭಾರತ ಸಂವಿಧಾನದ 7ನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳನ್ನು ಸೇರಿಸಲಾಗಿದೆ. ಆದ್ದರಿಂದ ವೈದ್ಯರು ಹಾಗೂ ಸಿಬ್ಬಂದಿಯ ವೇತನ, ಆಸ್ಪತ್ರೆಗಳ ನಿರ್ವಹಣೆ ಮುಂತಾದ ಬಹುಪಾಲು ವೆಚ್ಚವನ್ನು ರಾಜ್ಯ ಸರ್ಕಾರವು ತನ್ನ ಆಯವ್ಯಯದಿಂದ ಭರಿಸುತ್ತದೆ. ಇದರ ಜೊತೆಗೆ ಈ ಕೆಳಕಂಡ ಮೂಲಗಳಿಂದಲೂ ಹಣ ಬರುತ್ತದೆ.

(ಅ) ರಾಷ್ಟ್ರೀಯ ಆರೋಗ್ಯ ಅಭಿಯಾನ: 2005ರ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನಕ್ಕೆ ಚಾಲನೆ ನೀಡಲಾಯಿತು. 2013ರಲ್ಲಿ ನಗರ ಆರೋಗ್ಯ ಅಭಿಯಾನವು ಸೇರಿದ ನಂತರ ಎರಡನ್ನೂ ಒಳಗೊಂಡು ರಾಷ್ಟ್ರೀಯ ಆರೋಗ್ಯ ಅಭಿಯಾನ ಎಂಬ ಹೆಸರು ಬಂದಿತು. 2015-16ನೇ ಸಾಲಿನಿಂದ ಕರ್ನಾಟಕದಂತಹ ರಾಜ್ಯಗಳಲ್ಲಿ ಈ ಕಾರ್ಯಕ್ರಮದ ವೆಚ್ಚವನ್ನು ಕೇಂದ್ರವು ಶೇಕಡ 60 ಮತ್ತು ರಾಜ್ಯವು ಶೇಕಡ 40ರ ಅನುಪಾತದಲ್ಲಿ ಭರಿಸುವ ವ್ಯವಸ್ಥೆ ಜಾರಿಗೆ ಬಂದಿತು. ಮೊದಲು ಕೇಂದ್ರದ ಹಣವು ನೇರವಾಗಿ ಆರೋಗ್ಯ ಸಂಘದ ಖಾತೆಗೆ ಜಮೆಯಾಗುತ್ತಿತ್ತು. 2014-15ನೇ ಸಾಲಿನಿಂದ ಅದು ರಾಜ್ಯದ ಖಜಾನೆಯ ಮೂಲಕ ಹಾದುಬರುತ್ತಿದೆ. ಈ ಬದಲಾವಣೆಯಿಂದಾಗಿ ಸದರಿ ಹಣವು ರಾಜ್ಯದ ಆಯವ್ಯಯ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ ಮತ್ತು ವಿಧಾನಮಂಡಲದ ಪರಿಶೀಲನೆಗೆ ಒಳಪಡುತ್ತದೆ.

(ಆ) ಹಣಕಾಸು ಆಯೋಗದ ಅನುದಾನ: 15ನೇ ಹಣಕಾಸು ಆಯೋಗವು 2021-22 ರಿಂದ 2025-26ರವರೆಗಿನ ಐದು ವರ್ಷಗಳಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಪ್ರಾಥಮಿಕ ಆರೋಗ್ಯ ಕ್ಷೇತ್ರಕ್ಕೆ ದೇಶಾದ್ಯಂತ 70,051 ಕೋಟಿ ರೂಪಾಯಿಗಳ ಅನುದಾನವನ್ನು ಶಿಫಾರಸು ಮಾಡಿತು. ಸ್ವಂತ ಕಟ್ಟಡವಿಲ್ಲದ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಟ್ಟಡ, ರೋಗಪತ್ತೆ ಸೌಕರ್ಯ, ತಾಲ್ಲೂಕು ಮಟ್ಟದ ಸಾರ್ವಜನಿಕ ಆರೋಗ್ಯ ಘಟಕ ಮುಂತಾದವು ಇದರ ಉದ್ದೇಶಗಳಾಗಿದ್ದವು. ಆರೋಗ್ಯದ ಹಣವನ್ನು ಪಂಚಾಯಿತಿಗಳ ಜವಾಬ್ದಾರಿಯೊಂದಿಗೆ ಜೋಡಿಸಿದ್ದು ಇದರ ವಿಶೇಷ.

(ಇ) ಪ್ರಾದೇಶಿಕ ಅಸಮತೋಲನ ನಿವಾರಣೆಯ ಅನುದಾನ: ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯು ರಾಜ್ಯದ ಅಂದಿನ 175 ತಾಲ್ಲೂಕುಗಳ ಪೈಕಿ 114 ತಾಲ್ಲೂಕುಗಳನ್ನು ಹಿಂದುಳಿದವುಗಳೆಂದು ಗುರುತಿಸಿತು. ಇವುಗಳಲ್ಲಿ 39 ತಾಲ್ಲೂಕುಗಳು ಅತ್ಯಂತ ಹಿಂದುಳಿದವು. ಸಂವಿಧಾನದ 371(ಜೆ) ಅನುಚ್ಛೇದದ ಅನ್ವಯ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳಲ್ಲಿ ಆಸ್ಪತ್ರೆ ಕಟ್ಟಡ ಸೇರಿದಂತೆ ಮೂಲಸೌಕರ್ಯ ಕಾಮಗಾರಿಗಳಿಗೆ ಹೆಚ್ಚುವರಿ ಅನುದಾನ ದೊರೆಯುತ್ತದೆ.

3. ನಿಮ್ಮ ಸಮೀಪದಲ್ಲಿ ಇರಬೇಕಾದ ಆರೋಗ್ಯ ಸಂಸ್ಥೆಗಳು

ಗ್ರಾಮೀಣ ಆರೋಗ್ಯ ಸಂಸ್ಥೆಗಳನ್ನು ಜನಸಂಖ್ಯೆಯ ಆಧಾರದ ಮೇಲೆ ಮಂಜೂರು ಮಾಡಲಾಗುತ್ತದೆ. ಬಯಲು ಪ್ರದೇಶದಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರ, 30,000ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು 1,20,000ಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರತಕ್ಕದ್ದು. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ ಈ ಪ್ರಮಾಣವು ಅನುಕ್ರಮವಾಗಿ 3,000, 20,000 ಮತ್ತು 80,000 ಆಗಿರುತ್ತದೆ. ಮಲೆನಾಡಿನಲ್ಲಿ ಮನೆಗಳು ಚದುರಿರುವುದರಿಂದಲೂ, ಮಳೆಗಾಲದಲ್ಲಿ ಸಂಚಾರ ಕಷ್ಟವಾಗುವುದರಿಂದಲೂ ಈ ರಿಯಾಯಿತಿಗೆ ಮಹತ್ವವಿದೆ.

ಉಪಕೇಂದ್ರದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯು ಗರ್ಭಿಣಿಯರ ತಪಾಸಣೆ, ಲಸಿಕೆ ಮುಂತಾದ ಸೇವೆ ನೀಡುತ್ತಾರೆ. 2018ರ ನಂತರ ಅನೇಕ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮೇಲ್ದರ್ಜೆಗೇರಿಸಿ, ಸಮುದಾಯ ಆರೋಗ್ಯ ಅಧಿಕಾರಿಗಳನ್ನು ನಿಯೋಜಿಸಲಾಯಿತು. 2023ರಲ್ಲಿ ಇವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರಿಡಲಾಯಿತು. ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆ ಇಲ್ಲಿ ಲಭ್ಯವಿರುವುದರಿಂದ, ಈ ಸಲುವಾಗಿ ವೃದ್ಧರು ತಾಲ್ಲೂಕು ಕೇಂದ್ರದವರೆಗೆ ಪ್ರಯಾಣ ಮಾಡಬೇಕಾದ ಅಗತ್ಯವಿರುವುದಿಲ್ಲ.

4. ಗ್ರಾಮ ಮಟ್ಟದ ಮುಕ್ತ ನಿಧಿ

ಸರ್ಕಾರದ ಹಣವನ್ನು ಸಾಮಾನ್ಯವಾಗಿ ಯಾವ ಬಾಬ್ತಿಗೆ ಮಂಜೂರಾಗಿದೆಯೋ ಅದಕ್ಕೇ ವಿನಿಯೋಗಿಸಬೇಕು. ಔಷಧಿಗೆ ಬಂದ ಹಣದಲ್ಲಿ ನೀರಿನ ತೊಟ್ಟಿ ಕಟ್ಟುವಂತಿಲ್ಲ. ಆದರೆ ಪ್ರತಿ ಊರಿನ ಕೊರತೆಯೂ ಬೇರೆ. ಒಂದು ಊರಿನಲ್ಲಿ ಕೊಳವೆಬಾವಿಯ ಸುತ್ತ ನೀರು ನಿಂತು ಸೊಳ್ಳೆ ಹೆಚ್ಚಿರಬಹುದು; ಮತ್ತೊಂದು ಊರಿನ ಉಪಕೇಂದ್ರದಲ್ಲಿ ತಪಾಸಣೆಯ ಮೇಜಿಗೆ ಪರದೆ ಇಲ್ಲದೆ ಗರ್ಭಿಣಿಯರು ಸಂಕೋಚಪಡುತ್ತಿರಬಹುದು. ಇಂತಹ ಸಣ್ಣ ಅಗತ್ಯಗಳಿಗೆ ಬೆಂಗಳೂರಿನಿಂದ ಮಂಜೂರಾತಿ ಬರುವವರೆಗೆ ಕಾಯುವಂತಾಗಬಾರದೆಂಬ ಉದ್ದೇಶದಿಂದ, ಕಚೇರಿ ವ್ಯವಹಾರದಲ್ಲಿ ಅನ್‌ಟೈಡ್ ನಿಧಿ ಎಂದು ಕರೆಯಲಾಗುವ ಮುಕ್ತ ನಿಧಿಯನ್ನು ರೂಪಿಸಲಾಯಿತು.

ಅಭಿಯಾನದ ಆರಂಭದ ವರ್ಷಗಳಲ್ಲಿ ನಿಗದಿಪಡಿಸಿದ ವಾರ್ಷಿಕ ಪ್ರಮಾಣ ಈ ಕೆಳಗಿನಂತಿತ್ತು:

ಗ್ರಾಮ ಸಮಿತಿಗೆ: 10,000 ರೂ.
ಉಪಕೇಂದ್ರಕ್ಕೆ: 10,000 ರೂ.
ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ: ಮುಕ್ತ ನಿಧಿ 25,000 ರೂ., ವಾರ್ಷಿಕ ನಿರ್ವಹಣೆ 50,000 ರೂ. ಮತ್ತು ಆರೋಗ್ಯ ರಕ್ಷಾ ಸಮಿತಿಗೆ 1,00,000 ರೂ.

ತದನಂತರ ಈ ಬಾಬ್ತುಗಳನ್ನು ಒಗ್ಗೂಡಿಸಿ, ಸಂಸ್ಥೆಯಲ್ಲಿ ಆಗುತ್ತಿರುವ ಸೇವೆಯ ಪ್ರಮಾಣವನ್ನು ಗಮನಿಸಿ ಹಣ ನೀಡುವ ಪದ್ಧತಿಯನ್ನು ತರಲಾಯಿತು. ನಿಮ್ಮ ಊರಿಗೆ ಚಾಲ್ತಿ ಸಾಲಿನಲ್ಲಿ ಬಿಡುಗಡೆಯಾದ ಮೊತ್ತವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಆಡಳಿತ ವೈದ್ಯಾಧಿಕಾರಿಯವರಲ್ಲಿ ವಿಚಾರಿಸಬಹುದು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ: ಮಾರ್ಗಸೂಚಿಯನ್ವಯ ಗ್ರಾಮ ಪಂಚಾಯಿತಿಯ ಚುನಾಯಿತ ಸದಸ್ಯರು, ಸಾಧ್ಯವಾದಷ್ಟೂ ಮಹಿಳಾ ಸದಸ್ಯರು, ಈ ಸಮಿತಿಯ ಅಧ್ಯಕ್ಷರಾಗಿರುತ್ತಾರೆ. ಆಶಾ ಕಾರ್ಯಕರ್ತೆಯು ಸದಸ್ಯ ಕಾರ್ಯದರ್ಶಿ. ಅಂಗನವಾಡಿ ಕಾರ್ಯಕರ್ತೆ, ಆರೋಗ್ಯ ಸಹಾಯಕಿ, ಸ್ವಸಹಾಯ ಸಂಘದ ಪ್ರತಿನಿಧಿಗಳು ಮತ್ತು ಸೇವೆ ಪಡೆಯುವ ಗ್ರಾಮಸ್ಥರು ಸದಸ್ಯರಾಗಿರುತ್ತಾರೆ. ಸಭೆಯು ತಿಂಗಳಿಗೊಮ್ಮೆ ಸೇರತಕ್ಕದ್ದು. ಬ್ಯಾಂಕ್ ಖಾತೆಯನ್ನು ಅಧ್ಯಕ್ಷರು ಮತ್ತು ಸದಸ್ಯ ಕಾರ್ಯದರ್ಶಿ ಜಂಟಿಯಾಗಿ ನಿರ್ವಹಿಸುತ್ತಾರೆ; ಒಬ್ಬರ ಸಹಿಯಿಂದ ಹಣ ತೆಗೆಯಲು ಅವಕಾಶವಿರುವುದಿಲ್ಲ.

ನಿಧಿಯಿಂದ ಮಾಡಬಹುದಾದ ವೆಚ್ಚಗಳು: ಸ್ವಚ್ಛತಾ ಕಾರ್ಯ, ಸೊಳ್ಳೆ ಉತ್ಪತ್ತಿ ತಾಣಗಳ ನಾಶ, ಪೌಷ್ಟಿಕತೆ ಹಾಗೂ ಆರೋಗ್ಯ ಶಿಕ್ಷಣ, ಕುಡಿಯುವ ನೀರಿನ ಸುರಕ್ಷತೆ ಮುಂತಾದ ಸಮುದಾಯದ ಹಿತದ ಕಾರ್ಯಗಳು. ಸಾಮಾನ್ಯವಾಗಿ ಒಬ್ಬಿಬ್ಬರ ಅನುಕೂಲಕ್ಕಾಗಿ ಈ ಹಣವನ್ನು ಬಳಸುವಂತಿಲ್ಲ. ಆದರೆ ನಿರ್ಗತಿಕ ಮಹಿಳೆ ಅಥವಾ ಕಡುಬಡ ಕುಟುಂಬದ ಆರೋಗ್ಯದ ಅಗತ್ಯಕ್ಕೆ ಬಳಸಲು ಮಾರ್ಗಸೂಚಿಯಲ್ಲಿ ವಿನಾಯಿತಿ ಇದೆ. ಮಕ್ಕಳಿಲ್ಲದ ವೃದ್ಧೆಯೊಬ್ಬರನ್ನು ಆಸ್ಪತ್ರೆಗೆ ಸಾಗಿಸಲು ಬಾಡಿಗೆ ವಾಹನದ ವೆಚ್ಚ ಭರಿಸುವ ನಿರ್ಣಯವನ್ನು ಸಮಿತಿಯು ಕೈಗೊಳ್ಳಬಹುದು. ಈ ವಿನಾಯಿತಿಯನ್ನು ಗ್ರಾಮಸ್ಥರು ತಿಳಿದಿರುವುದು ಅವಶ್ಯಕ.

ಮಾಡಬಾರದ ವೆಚ್ಚಗಳು: ಇತರೆ ಇಲಾಖೆಗಳಿಂದ ಅನುದಾನ ಲಭ್ಯವಿರುವ ಕಾಮಗಾರಿಗಳಿಗೆ ಸಮಿತಿಯ ನಿಧಿಯನ್ನು ಬಳಸಬಾರದು. ಉಪಕೇಂದ್ರದ ಮುಕ್ತ ನಿಧಿಯನ್ನು ವೇತನಕ್ಕೆ, ವಾಹನ ಖರೀದಿಗೆ ಅಥವಾ ಗ್ರಾಮ ಪಂಚಾಯಿತಿಯ ಖರ್ಚುವೆಚ್ಚಗಳಿಗೆ ಬಳಸತಕ್ಕದ್ದಲ್ಲ.

5. ಬಿಡುಗಡೆ ಬೇರೆ, ವೆಚ್ಚ ಬೇರೆ

ಅನುದಾನದ ವಿಷಯದಲ್ಲಿ ಮೂರು ಮೊತ್ತಗಳನ್ನು ಪ್ರತ್ಯೇಕವಾಗಿ ಗಮನಿಸಬೇಕು. ಆಯವ್ಯಯದಲ್ಲಿ ಒದಗಿಸಿದ್ದು ಹಂಚಿಕೆ. ಖಾತೆಗೆ ಜಮೆಯಾದದ್ದು ಬಿಡುಗಡೆ. ವೋಚರು ಸಹಿತ ಲೆಕ್ಕಕ್ಕೆ ತೆಗೆದುಕೊಂಡದ್ದು ವೆಚ್ಚ. ಹಂಚಿಕೆಯಾದ ಹಣವೆಲ್ಲ ಬಿಡುಗಡೆಯಾಗಿರುವುದಿಲ್ಲ. ಬಿಡುಗಡೆಯಾದ ಹಣವೆಲ್ಲ ವೆಚ್ಚವಾಗಿರುವುದಿಲ್ಲ. ಖಾತೆಯಲ್ಲಿ ಉಳಿದ ಹಣದಿಂದ ರೋಗಿಗೆ ಪ್ರಯೋಜನವಾಗದು.

ಗ್ರಾಮ ಸಮಿತಿಯ ನಿಧಿಯನ್ನು ಹಿಂದಿನ ವರ್ಷದ ವೆಚ್ಚದ ಮಟ್ಟಿಗೆ ಮರುಭರ್ತಿ ಮಾಡುವ ಪದ್ಧತಿಯನ್ನು ಮಾರ್ಗಸೂಚಿಯಲ್ಲಿ ನಿಗದಿಪಡಿಸಲಾಗಿದೆ. ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಅಕ್ಕಪಕ್ಕದ ಎರಡು ಗ್ರಾಮಗಳಿಗೆ ತಲಾ 10,000 ರೂ. ದೊರೆಯಿತೆಂದು ಭಾವಿಸೋಣ. ಮೊದಲ ಗ್ರಾಮವು ಪೂರ್ಣ ಮೊತ್ತವನ್ನು ವಿನಿಯೋಗಿಸಿ ಲೆಕ್ಕ ಸಲ್ಲಿಸಿದೆ. ಎರಡನೆಯದು 4,000 ರೂ. ಮಾತ್ರ ವೆಚ್ಚ ಮಾಡಿದೆ. ಮುಂದಿನ ವರ್ಷ ಮೊದಲ ಗ್ರಾಮಕ್ಕೆ ಪುನಃ 10,000 ರೂ. ಬರುತ್ತದೆ, ಎರಡನೆಯದಕ್ಕೆ 4,000 ರೂ. ಮಾತ್ರ ಬರುತ್ತದೆ. ಎರಡೂ ಗ್ರಾಮಗಳ ಖಾತೆಯಲ್ಲಿ ಹೊಸ ವರ್ಷದ ಆರಂಭಕ್ಕೆ 10,000 ರೂ. ಇರುತ್ತದೆಯಾದರೂ, ಎರಡು ವರ್ಷಗಳಲ್ಲಿ ಸರ್ಕಾರದಿಂದ ಪಡೆದದ್ದು ಒಂದು ಗ್ರಾಮಕ್ಕೆ 20,000 ರೂ., ಮತ್ತೊಂದಕ್ಕೆ 14,000 ರೂ. ಈ 6,000 ರೂಪಾಯಿಗಳ ವ್ಯತ್ಯಾಸಕ್ಕೆ ಸಭೆ ಸೇರದಿರುವುದು, ನಿರ್ಣಯ ಬರೆಯದಿರುವುದು ಅಥವಾ ಅಧ್ಯಕ್ಷರು ಬದಲಾದಾಗ ಬ್ಯಾಂಕಿನಲ್ಲಿ ಸಹಿ ಬದಲಾಯಿಸದಿರುವುದು ಕಾರಣವಾಗಿರಬಹುದು.

ಆದುದರಿಂದ ಪ್ರತಿಯೊಂದು ವೆಚ್ಚಕ್ಕೂ ಸಭೆಯ ನಿರ್ಣಯ, ರಸೀದಿ, ನಗದು ಪುಸ್ತಕದಲ್ಲಿ ನಮೂದು ಮತ್ತು ವರ್ಷಾಂತ್ಯದಲ್ಲಿ ಹಣ ಬಳಕೆ ಪ್ರಮಾಣ ಪತ್ರ ಇರತಕ್ಕದ್ದು. ರಸೀದಿ ಇಲ್ಲದ ಪ್ರಾಮಾಣಿಕ ವೆಚ್ಚವೂ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆಗೆ ಒಳಗಾಗುತ್ತದೆ. ಅಂತಹ ಆಕ್ಷೇಪಣೆಯ ಭಯದಿಂದಲೇ ಹಣವನ್ನು ಮುಟ್ಟದಿರುವುದು ಪರಿಹಾರವಲ್ಲ. ಚಿಕ್ಕ ಮೊತ್ತಕ್ಕೂ ರಸೀದಿ ಪಡೆಯುವುದೇ ಪರಿಹಾರ.

6. ಫಲಾನುಭವಿಗಳಿಗೆ ನೇರವಾಗಿ ದೊರೆಯುವ ಸೌಲಭ್ಯಗಳು

(ಅ) ಜನನಿ ಶಿಶು ಸುರಕ್ಷಾ ಕಾರ್ಯಕ್ರಮ: 2011ರ ಜೂನ್ 1ರಂದು ಪ್ರಾರಂಭವಾದ ಈ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಗುವ ಎಲ್ಲ ಗರ್ಭಿಣಿಯರಿಗೂ, ಆದಾಯದ ಮಿತಿಯಿಲ್ಲದೆ, ಸಾಮಾನ್ಯ ಹೆರಿಗೆ ಹಾಗೂ ಸಿಸೇರಿಯನ್ ಶಸ್ತ್ರಚಿಕಿತ್ಸೆ, ಔಷಧಿ, ಪರೀಕ್ಷೆ ಮತ್ತು ಅಗತ್ಯವಿದ್ದಲ್ಲಿ ರಕ್ತ ಉಚಿತ. ಸಾಮಾನ್ಯ ಹೆರಿಗೆಯಲ್ಲಿ 3 ದಿನ ಹಾಗೂ ಸಿಸೇರಿಯನ್ ಹೆರಿಗೆಯಲ್ಲಿ 7 ದಿನಗಳವರೆಗೆ ಉಚಿತ ಆಹಾರ ನೀಡಲಾಗುತ್ತದೆ. ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮೇಲಿನ ಆಸ್ಪತ್ರೆಗೆ ಮತ್ತು ಮರಳಿ ಮನೆಗೆ ಉಚಿತ ವಾಹನದ ವ್ಯವಸ್ಥೆಯೂ ಇದರಲ್ಲಿ ಸೇರಿದೆ. ಅನಾರೋಗ್ಯಪೀಡಿತ ಶಿಶುವಿಗೆ ಒಂದು ವರ್ಷ ತುಂಬುವವರೆಗೆ ಉಚಿತ ಚಿಕಿತ್ಸೆ ದೊರೆಯುತ್ತದೆ.

(ಆ) ಜನನಿ ಸುರಕ್ಷಾ ಯೋಜನೆ: ಬಡತನ ರೇಖೆಗಿಂತ ಕೆಳಗಿರುವ ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಹಿಳೆಯರಿಗೆ ಸಾಂಸ್ಥಿಕ ಹೆರಿಗೆಗಾಗಿ ನಗದು ಸಹಾಯಧನ ನೀಡಲಾಗುತ್ತದೆ. ಕರ್ನಾಟಕಕ್ಕೆ ಅನ್ವಯಿಸುವ ಮಾರ್ಗಸೂಚಿಯಲ್ಲಿ ಗ್ರಾಮೀಣ ಪ್ರದೇಶಕ್ಕೆ 700 ರೂ. ಹಾಗೂ ನಗರ ಪ್ರದೇಶಕ್ಕೆ 600 ರೂ. ನಿಗದಿಪಡಿಸಲಾಗಿದೆ. ತಾಯಿಯ ವಯಸ್ಸು ಮತ್ತು ಮಕ್ಕಳ ಸಂಖ್ಯೆಗೆ ಸಂಬಂಧಿಸಿದ್ದ ಷರತ್ತುಗಳನ್ನು 2013ರಲ್ಲಿ ತೆಗೆದುಹಾಕಲಾಗಿದೆ. ಆದ್ದರಿಂದ ಮೂರನೇ ಹೆರಿಗೆ ಎಂಬ ಕಾರಣಕ್ಕೆ ಸಹಾಯಧನವನ್ನು ನಿರಾಕರಿಸುವಂತಿಲ್ಲ.

(ಇ) ಗರ್ಭಿಣಿಯರ ವೈದ್ಯಕೀಯ ತಪಾಸಣೆ: ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ನೇ ದಿನಾಂಕದಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. ರಕ್ತಹೀನತೆ, ಅಧಿಕ ರಕ್ತದೊತ್ತಡ ಮುಂತಾದ ಅಪಾಯದ ಲಕ್ಷಣಗಳನ್ನು ಮುಂಚಿತವಾಗಿ ಗುರುತಿಸಿದಲ್ಲಿ, ಹೆರಿಗೆ ಎಲ್ಲಿ ಆಗಬೇಕೆಂಬುದನ್ನು ಮೊದಲೇ ನಿರ್ಧರಿಸಲು ಸಾಧ್ಯವಾಗುತ್ತದೆ. ತಾಯಿ ಮತ್ತು ಮಗುವಿನ ಜೀವ ಉಳಿಸುವಲ್ಲಿ ಈ ಮುನ್ನೆಚ್ಚರಿಕೆಯೇ ಬಹುಮುಖ್ಯ.

(ಈ) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: 2018ರ ಮಾರ್ಚ್ ತಿಂಗಳಿನಲ್ಲಿ ಪ್ರಾರಂಭವಾದ ಆರೋಗ್ಯ ಕರ್ನಾಟಕ ಯೋಜನೆಯನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಸಂಯೋಜಿಸಲಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ಅನುಷ್ಠಾನಗೊಳಿಸುತ್ತಿದೆ. ಬಡತನ ರೇಖೆಗಿಂತ ಕೆಳಗಿರುವ ಪಡಿತರ ಚೀಟಿದಾರ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ಗಳವರೆಗೆ ನಗದುರಹಿತ ಚಿಕಿತ್ಸೆ ಲಭ್ಯ. ಇತರೆ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟನ್ನು, ವಾರ್ಷಿಕ 1.5 ಲಕ್ಷ ರೂ.ಗಳ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಉಳಿದ ಶೇಕಡ 70ರಷ್ಟನ್ನು ರೋಗಿಯು ಭರಿಸಬೇಕು.

ಈ ಯೋಜನೆಯಲ್ಲಿ ಶಿಫಾರಸು ಪತ್ರದ ಪದ್ಧತಿ ಇದೆ. ರೋಗಿಯು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಗತ್ಯವಾದ ಚಿಕಿತ್ಸೆ ಅಲ್ಲಿ ಲಭ್ಯವಿಲ್ಲದಿದ್ದಲ್ಲಿ ವೈದ್ಯರು ಶಿಫಾರಸು ಪತ್ರ ನೀಡುತ್ತಾರೆ. ಅದರ ಆಧಾರದ ಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ಯೋಜನೆಯಲ್ಲಿ ಪಟ್ಟಿ ಮಾಡಿರುವ ತುರ್ತು ಚಿಕಿತ್ಸೆಗಳಿಗೆ ಶಿಫಾರಸು ಪತ್ರದ ಅಗತ್ಯವಿಲ್ಲ. ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾದಲ್ಲಿ ಸೌಲಭ್ಯ ಕೈತಪ್ಪುವ ಸಂಭವವಿರುತ್ತದೆ.

(ಉ) ಆರೋಗ್ಯ ಕವಚ: 2008ರ ನವೆಂಬರ್ 1ರಿಂದ ರಾಜ್ಯದಲ್ಲಿ 108 ಸಂಖ್ಯೆಯ ಉಚಿತ ತುರ್ತು ವಾಹನ ಸೇವೆ ಜಾರಿಯಲ್ಲಿದೆ. ಕರೆ ಮಾಡುವಾಗ ಗ್ರಾಮ, ತಾಲ್ಲೂಕು ಮತ್ತು ಸಮೀಪದ ಗುರುತನ್ನು ಸ್ಪಷ್ಟವಾಗಿ ತಿಳಿಸಬೇಕು. ಒಂದೇ ಹೆಸರಿನ ಹಲವು ಗ್ರಾಮಗಳಿರುವುದರಿಂದ ತಾಲ್ಲೂಕಿನ ಹೆಸರು ಹೇಳುವುದು ಅತ್ಯವಶ್ಯ.

7. ಅರ್ಜಿ ಸಲ್ಲಿಸುವ ವಿಧಾನ ಮತ್ತು ಅಗತ್ಯ ದಾಖಲೆಗಳು

ಗರ್ಭಧಾರಣೆ ತಿಳಿದ ಕೂಡಲೇ ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಸಹಾಯಕಿಯವರಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ಈ ಕೆಳಕಂಡ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ:

1. ತಾಯಿ ಕಾರ್ಡ್ (ಹೆರಿಗೆ ಸಂಬಂಧಿ ಸೌಲಭ್ಯಗಳಿಗೆ)
2. ಪಡಿತರ ಚೀಟಿ
3. ಆಧಾರ್ ಕಾರ್ಡ್
4. ಜಾತಿ ಪ್ರಮಾಣ ಪತ್ರ (ಅನ್ವಯಿಸುವಲ್ಲಿ)
5. ಫಲಾನುಭವಿಯ ಸ್ವಂತ ಹೆಸರಿನ ಬ್ಯಾಂಕ್ ಖಾತೆಯ ಪಾಸ್ ಪುಸ್ತಕ
6. ಶಿಫಾರಸು ಪತ್ರ ಮತ್ತು ಹಿಂದಿನ ಚಿಕಿತ್ಸೆಯ ದಾಖಲೆಗಳು (ಆರೋಗ್ಯ ಕರ್ನಾಟಕ ಯೋಜನೆಗೆ)

ಸಹಾಯಧನವು ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ಗರ್ಭಿಣಿಯ ಹೆಸರಿನಲ್ಲಿಯೇ ಖಾತೆ ಇರಬೇಕು. ಮದುವೆಯ ನಂತರ ಹೆಸರು ಬದಲಾಗಿದ್ದಲ್ಲಿ ಆಧಾರ್ ಮತ್ತು ಪಾಸ್ ಪುಸ್ತಕಗಳಲ್ಲಿ ಹೆಸರು ಒಂದೇ ರೀತಿ ಇರುವುದನ್ನು ಹೆರಿಗೆಗೆ ಮುಂಚಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ಹೆಸರಿನ ವ್ಯತ್ಯಾಸದಿಂದ ಪಾವತಿ ವಿಳಂಬವಾಗುತ್ತದೆ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೆರಿಗೆಗೆ ತವರುಮನೆಗೆ ಹೋದಲ್ಲಿ ಸೌಲಭ್ಯ ದೊರೆಯುವುದೇ?
ಉತ್ತರ: ದೊರೆಯುತ್ತದೆ. ತಾಯಿ ಕಾರ್ಡ್ ಮತ್ತು ಇತರೆ ದಾಖಲೆಗಳನ್ನು ಜೊತೆಗೆ ಕೊಂಡೊಯ್ಯಬೇಕು ಹಾಗೂ ತವರಿನ ಊರಿನ ಆಶಾ ಕಾರ್ಯಕರ್ತೆಗೆ ಮುಂಚಿತವಾಗಿ ತಿಳಿಸಬೇಕು.

ಪ್ರಶ್ನೆ: ಉಪಕೇಂದ್ರಕ್ಕೆ ಸ್ವಂತ ಕಟ್ಟಡವಿಲ್ಲ. ಮುಕ್ತ ನಿಧಿಯಿಂದ ಕಟ್ಟಬಹುದೇ?
ಉತ್ತರ: ಇಲ್ಲ. ಮುಕ್ತ ನಿಧಿ ಸಣ್ಣ ಅಗತ್ಯಗಳಿಗೆ ಮಾತ್ರ. ಕಟ್ಟಡಕ್ಕಾಗಿ ಗ್ರಾಮ ಸಭೆಯಲ್ಲಿ ನಿರ್ಣಯ ಕೈಗೊಂಡು, ನಿವೇಶನದ ವಿವರದೊಂದಿಗೆ ತಾಲ್ಲೂಕು ಆರೋಗ್ಯಾಧಿಕಾರಿಯವರ ಮೂಲಕ ಜಿಲ್ಲೆಗೆ ಪ್ರಸ್ತಾವನೆ ಸಲ್ಲಿಸಬೇಕು. ನಿವೇಶನವು ವಿವಾದರಹಿತವಾಗಿರುವುದು ಮುಖ್ಯ.

ಪ್ರಶ್ನೆ: ಔಷಧಿ ಇಲ್ಲವೆಂದು ಹೊರಗಿನ ಅಂಗಡಿಗೆ ಚೀಟಿ ಬರೆದುಕೊಟ್ಟಲ್ಲಿ ಏನು ಮಾಡಬೇಕು?
ಉತ್ತರ: ಆಡಳಿತ ವೈದ್ಯಾಧಿಕಾರಿಯವರ ಗಮನಕ್ಕೆ ತರಬೇಕು. ತುರ್ತು ಸಂದರ್ಭದಲ್ಲಿ ಆರೋಗ್ಯ ರಕ್ಷಾ ಸಮಿತಿಯ ನಿಧಿಯಿಂದ ಸ್ಥಳೀಯವಾಗಿ ಔಷಧಿ ಖರೀದಿಸಲು ಅವಕಾಶವಿದೆ.

ಪ್ರಶ್ನೆ: ಉಚಿತ ಸೇವೆಗೆ ಸಿಬ್ಬಂದಿ ಹಣ ಕೇಳಿದಲ್ಲಿ?
ಉತ್ತರ: ಹಣ ನೀಡಬಾರದು. ಕುಂದುಕೊರತೆಗಳನ್ನು ಆರೋಗ್ಯ ಸಹಾಯವಾಣಿ 104ಕ್ಕೆ ತಿಳಿಸಬಹುದು. ತಾಲ್ಲೂಕು ಆರೋಗ್ಯಾಧಿಕಾರಿ ಅಥವಾ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯವರಿಗೆ ಲಿಖಿತ ದೂರು ನೀಡಬಹುದು. ಲಂಚದ ಬೇಡಿಕೆಯ ಬಗ್ಗೆ ಲೋಕಾಯುಕ್ತಕ್ಕೂ ದೂರು ಸಲ್ಲಿಸಬಹುದು.

9. ಲೆಕ್ಕ ಕೇಳುವ ಹಕ್ಕು

ಗ್ರಾಮ ಸಭೆಯು ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕೆಂದು ಕರ್ನಾಟಕದ ಪಂಚಾಯತ್ ರಾಜ್ ಕಾನೂನು ವಿಧಿಸುತ್ತದೆ. ಈ ಸಭೆಯಲ್ಲಿ ಗ್ರಾಮ ಸಮಿತಿಯ ಜಮಾ-ಖರ್ಚನ್ನು ಓದಿ ಹೇಳುವಂತೆ ಯಾವುದೇ ಮತದಾರರು ಕೋರಬಹುದು. ಉತ್ತರ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕದಿಂದ ವಿನಾಯಿತಿ ಇದೆ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳ ಮಿತಿಯಲ್ಲಿರಬೇಕು. ಮಾಹಿತಿಯನ್ನು 30 ದಿನಗಳೊಳಗೆ ಒದಗಿಸತಕ್ಕದ್ದು.

ಅರ್ಜಿಯಲ್ಲಿ “ಎಲ್ಲ ಮಾಹಿತಿ ಕೊಡಿ” ಎಂದು ಬರೆಯುವ ಬದಲು, ಆರ್ಥಿಕ ವರ್ಷ, ಗ್ರಾಮದ ಹೆಸರು, ಬಿಡುಗಡೆಯಾದ ಮೊತ್ತ, ವೆಚ್ಚವಾದ ಮೊತ್ತ ಮತ್ತು ಹಣ ಬಳಕೆ ಪ್ರಮಾಣ ಪತ್ರದ ಪ್ರತಿ ಎಂದು ನಿರ್ದಿಷ್ಟವಾಗಿ ಕೇಳಿದಲ್ಲಿ ಉತ್ತರವೂ ನಿರ್ದಿಷ್ಟವಾಗಿರುತ್ತದೆ.

10. ನಾಗರಿಕರಲ್ಲಿ ಮನವಿ

2017ರ ರಾಷ್ಟ್ರೀಯ ಆರೋಗ್ಯ ನೀತಿಯು ರಾಜ್ಯಗಳು ತಮ್ಮ ಆಯವ್ಯಯದ ಶೇಕಡ 8ಕ್ಕಿಂತ ಹೆಚ್ಚಿನ ಭಾಗವನ್ನು ಆರೋಗ್ಯಕ್ಕೆ ಮೀಸಲಿಡಬೇಕೆಂಬ ಗುರಿಯನ್ನು ಸೂಚಿಸಿತು. ಅನುದಾನ ಹೆಚ್ಚಾಗುವುದು ಅವಶ್ಯಕವೇ ಸರಿ. ಆದರೆ ಬಂದ ಅನುದಾನವು ಹೆರಿಗೆ ಕೊಠಡಿಯ ದೀಪವಾಗಿ, ಕುಡಿಯುವ ನೀರಾಗಿ, ಸಕಾಲದಲ್ಲಿ ಬಂದ ವಾಹನವಾಗಿ ಜನರನ್ನು ತಲುಪಬೇಕಾದರೆ ಗ್ರಾಮಸ್ಥರ ಸಹಭಾಗಿತ್ವ ಅನಿವಾರ್ಯ. ಸಾರ್ವಜನಿಕರು ತಮ್ಮ ಗ್ರಾಮದ ಸಮಿತಿಯ ಮುಂದಿನ ಸಭೆಯ ದಿನಾಂಕವನ್ನು ಆಶಾ ಕಾರ್ಯಕರ್ತೆಯವರಲ್ಲಿ ವಿಚಾರಿಸಿ, ಸಭೆಗೆ ಹಾಜರಾಗಿ, ಊರಿನ ಅಗತ್ಯಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸುವಂತೆ ಕೋರಬೇಕು ಹಾಗೂ ಮೇಲ್ಕಂಡ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬೇಕು ಎಂದು ವಿನಂತಿಸಲಾಗಿದೆ.